ಮನೆಯಲ್ಲಿ ಚಿಕ್ಕ ಬಟ್ಟಿ: ಎಲ್ಲಿಂದ ಆರಂಭಿಸುವುದು?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಮೂರು ಎಕರೆ ಅಡಿಕೆ ತೋಟ, ಮನೆಯಲ್ಲಿ ನಾನು ಮತ್ತು ಅಮ್ಮ. ಕಳೆದ ವರ್ಷ ಗೋವಾಕ್ಕೆ ಹೋಗಿದ್ದಾಗ ಒಂದು ಹಳ್ಳಿಯಲ್ಲಿ ಗೇರುಹಣ್ಣಿನಿಂದ ಫೆನಿ ಇಳಿಸುವುದನ್ನು ಅರ್ಧ ದಿನ ನಿಂತು ನೋಡಿದೆ. ಒಲೆಯ ಮೇಲಿನ ಪಾತ್ರೆ, ಅದರಿಂದ ಹೊರಟ ಕೊಳವೆ, ತಣ್ಣೀರಿನಲ್ಲಿ ಕುಳಿತ ಇನ್ನೊಂದು ಪಾತ್ರೆ, ಹನಿಹನಿಯಾಗಿ ಬೀಳುವ ತಿಳಿ ದ್ರವ. ಆ ನೋಟ ಇನ್ನೂ ತಲೆಯಿಂದ ಇಳಿದಿಲ್ಲ.

ನಮ್ಮಲ್ಲಿ ಪ್ರತಿ ಮಳೆಗಾಲದ ಆರಂಭದಲ್ಲಿ ಹಲಸಿನ ಹಣ್ಣು ಮರದ ಬುಡದಲ್ಲೇ ಬಿದ್ದು ಕೊಳೆಯುತ್ತದೆ. ತೋಟದ ದರೆಯ ಮಣ್ಣು ಕುಸಿಯಬಾರದೆಂದು ಹಾಕಿದ ಮಜ್ಜಿಗೆ ಹುಲ್ಲು (ನಿಂಬೆಯ ಪರಿಮಳದ ಲೆಮನ್‌ಗ್ರಾಸ್) ಇನ್ನೂರು ಬುಡದಷ್ಟು ಬೆಳೆದು ನಿಂತಿದೆ. ಒಂದು ಚಿಕ್ಕ ಬಟ್ಟಿ ಪಾತ್ರೆ ತಂದು, ಮನೆಯ ಮಟ್ಟಿಗೆ ಏನಾದರೂ ಇಳಿಸಲು ಕಲಿಯಬೇಕೆಂಬ ಆಸೆ. ಎಷ್ಟು ಲೀಟರಿನ ಪಾತ್ರೆ ಬೇಕು? ತಾಮ್ರವೋ ಸ್ಟೀಲೋ? ಹಲಸಿನಿಂದ ನಮ್ಮ ಬಳಕೆಗೆ ಮಾತ್ರ ಒಂದೆರಡು ಬಾಟಲಿ ಇಳಿಸಿದರೆ ತೊಂದರೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಳೇಹಂಡೆ (ಸಾಗರ)

ತಮ್ಮಾ, ಹಲಸಿನ ಮಾತನ್ನು ಮೊದಲು ಮುಗಿಸೋಣ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ಇಳಿಸುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ‘ಮನೆ ಬಳಕೆಗೆ ಒಂದೆರಡು ಬಾಟಲಿ’ ಎಂಬ ರಿಯಾಯಿತಿ ಇಲ್ಲ. ಇಳಿಸುವುದಷ್ಟೇ ಅಲ್ಲ, ಮದ್ಯ ಇಳಿಸುವ ಉದ್ದೇಶದಿಂದ ಪಾತ್ರೆ, ಸಲಕರಣೆ ಇಟ್ಟುಕೊಳ್ಳುವುದೂ ಅಪರಾಧ. ಸರ್ಕಾರದ ಪರವಾನಗಿಯಲ್ಲಿ ಮಾರಾಟವಾಗುತ್ತಿದ್ದ ಸಾರಾಯಿಯೇ 2007ರ ಜುಲೈ 1ರಿಂದ ಈ ರಾಜ್ಯದಲ್ಲಿ ನಿಂತಿದೆ. ಗೋವಾದಲ್ಲಿ ನೀವು ನೋಡಿದ್ದು ಅಲ್ಲಿನ ಕಾನೂನಿನಡಿ ಪರವಾನಗಿ ಪಡೆದು ನಡೆಸುವ ಭಟ್ಟಿ. ನಮ್ಮ ಕಡೆ ಅದೇ ಕೆಲಸಕ್ಕೆ ಕಳ್ಳಭಟ್ಟಿ ಎಂದು ಹೆಸರು. ಆ ಹೆಸರು ಒಂದು ಮನೆಗೆ ಅಂಟಿದರೆ ಎರಡು ತಲೆಮಾರು ಹೋಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಮಜ್ಜಿಗೆ ಹುಲ್ಲಿನ ಮೇಲೆ. ಇನ್ನೂರು ಬುಡ ಎಂದರೆ ಸಣ್ಣ ಮಾತಲ್ಲ. ನಿಮಗೆ ಹನಿ ಬೀಳುವುದನ್ನು ನೋಡುವ ಆಸೆ ತಾನೇ? ಅದು ಎಣ್ಣೆಯ ಹನಿಯಾಗಲಿ. ಒಲೆ ಅದೇ, ಕೊಳವೆ ಅದೇ, ಕಲಿಯಬೇಕಾದ ತಾಳ್ಮೆಯೂ ಅದೇ. ನಾನು ಹನ್ನೊಂದು ವರ್ಷಗಳಿಂದ ಮಜ್ಜಿಗೆ ಹುಲ್ಲು, ದಾಲ್ಚಿನ್ನಿ ಎಲೆ, ಅರಿಸಿನ ಎಲೆ ಇಳಿಸುತ್ತಿದ್ದೇನೆ. ಹಗಲಿನಲ್ಲಿ, ಅಂಗಳದಲ್ಲಿ, ದಾರಿಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ ಇಳಿಸುತ್ತೇನೆ. ಬೇಕೆಂದರೆ ಎಲ್ಲವನ್ನೂ ಹೇಳಿಕೊಡುತ್ತೇನೆ.

ಬೆಟ್ಟದಬುಡ (ಹೊಸನಗರ)

ಹಳೇಹಂಡೆಯವರ ಮಾತಿಗೆ ಗೌರವ ಇಟ್ಟೇ ಒಂದು ಪ್ರಶ್ನೆ. ನಮ್ಮ ಅಜ್ಜನ ಕಾಲದಲ್ಲಿ ಇದನ್ನೆಲ್ಲ ಮನೆಮನೆಯಲ್ಲಿ ಮಾಡುತ್ತಿದ್ದರಂತೆ. ಮೊದಲು ಬರುವ ಸ್ವಲ್ಪ ಭಾಗವನ್ನು ಚೆಲ್ಲಿದರೆ ವಿಷವೆಲ್ಲ ಹೋಗುತ್ತದೆ ಎಂದು ಅನೇಕರು ಹೇಳುತ್ತಾರೆ. ಹಾಗಿದ್ದ ಮೇಲೆ ಕಾನೂನಿನ ಹೊರತು ಬೇರೆ ಅಪಾಯ ಏನಿದೆ?

ರಸಾಯನಪಾಠ (ಭದ್ರಾವತಿ)

ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು ನಾನು, ಈಗ ನಿವೃತ್ತ. ‘ಮೊದಲ ಭಾಗ ಚೆಲ್ಲಿದರೆ ಸಾಕು’ ಎಂಬ ಮಾತನ್ನು ಕೇಳಿ ಸುಮ್ಮನೆ ಕೂರಲಾಗಲಿಲ್ಲ.

ನೀವು ವಿಷ ಎಂದದ್ದು ಮೆಥನಾಲ್, ಮದ್ಯದಲ್ಲಿ ಅಮಲು ತರುವುದು ಎಥನಾಲ್. ಮೆಥನಾಲ್ ಕುದಿಯುವುದು 64.7 ಡಿಗ್ರಿಯಲ್ಲಿ, ಎಥನಾಲ್ 78 ಡಿಗ್ರಿಯ ಹತ್ತಿರ. ಈ ಎರಡು ಅಂಕಿಗಳನ್ನು ನೋಡಿದವರು ಒಂದು ಮುಗಿದ ಮೇಲೆ ಇನ್ನೊಂದು ಬರುತ್ತದೆ ಎಂದುಕೊಳ್ಳುತ್ತಾರೆ. ಬೇರೆ ಬೇರೆ ಪಾತ್ರೆಯಲ್ಲಿ ಇಟ್ಟು ಕಾಯಿಸಿದರೆ ಆ ಮಾತು ಸರಿ. ನೀರು, ಎಥನಾಲ್, ಮೆಥನಾಲ್ ಮೂರೂ ಬೆರೆತ ದ್ರವದಲ್ಲಿ ಅವು ಸಾಲಾಗಿ ಹೊರಬರುವುದಿಲ್ಲ. ಮೆಥನಾಲ್ ಆರಂಭದಿಂದ ಕೊನೆಯವರೆಗೂ ಚೂರುಚೂರಾಗಿ ಬರುತ್ತಲೇ ಇರುತ್ತದೆ. ಅದು ಹುಟ್ಟುವುದು ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು ಪದಾರ್ಥದಿಂದ, ಹಲಸಿನಲ್ಲಿ ಪೆಕ್ಟಿನ್ ಬೇಕಾದಷ್ಟಿದೆ. ದೇಹದೊಳಗೆ ಮೆಥನಾಲ್ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗುತ್ತದೆ. ಆ ಆಮ್ಲ ಕಣ್ಣಿನ ನರವನ್ನೇ ಹಾಳುಮಾಡುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ದೊಡ್ಡ ಕಳ್ಳಭಟ್ಟಿ ದುರಂತಗಳಲ್ಲಿ ಜನರನ್ನು ಕೊಂದದ್ದು ಹೆಚ್ಚಾಗಿ ಹಣ್ಣಿನಿಂದ ಬಂದ ಮೆಥನಾಲ್ ಅಲ್ಲ, ಕಾರ್ಖಾನೆಗೆ ಹೋಗಬೇಕಾದ ಮೆಥನಾಲನ್ನು ಯಾರೋ ಬೆರೆಸಿ ಮಾರಿದ್ದು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಇಂಥದ್ದರಿಂದಲೇ. ಮನೆಯ ಭಟ್ಟಿಯ ದೊಡ್ಡ ಅಪಾಯ ಬೆಂಕಿ. ಎಥನಾಲಿನ ಆವಿ ಕೊಳವೆಯ ಸಂದಿಯಿಂದ ಸೋರಿ, ಕೆಳಗೆ ಉರಿಯುತ್ತಿರುವ ಒಲೆಯನ್ನು ಮುಟ್ಟಿದರೆ ಕಣ್ಣು ಮಿಟುಕಿಸುವಷ್ಟು ಸಮಯವೂ ಸಿಗುವುದಿಲ್ಲ.

ಮೆಥನಾಲಿಗೂ ನಮ್ಮ ಊರಿಗೂ ಹಳೆಯ ನಂಟಿದೆ. ಮೈಸೂರು ಸಂಸ್ಥಾನ 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಆರಂಭಿಸಿದಾಗ ಕುಲುಮೆಗೆ ಇದ್ದಿಲು ಬೇಕಿತ್ತು. ಮಲೆನಾಡಿನ ಮರವನ್ನು ಗಾಳಿ ಆಡದ ಹಾಗೆ ಮುಚ್ಚಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊರಬಂದ ಹೊಗೆಯನ್ನು ತಣಿಸಿದರೆ ಟಾರು, ಅಸಿಟೇಟ್ ಮತ್ತು ಮೆಥನಾಲ್ ಸಿಗುತ್ತಿದ್ದವು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರ ಬಟ್ಟಿ ಇಳಿಸುವ ಮಾತು ಸೇರಿತ್ತು. ಬಟ್ಟಿ ಇಳಿಸುವುದೆಂದರೆ ಮದ್ಯ ಎಂದಷ್ಟೇ ತಿಳಿದ ಮಕ್ಕಳಿಗೆ ನಾನು ಪ್ರತಿ ವರ್ಷವೂ ಇದನ್ನು ಹೇಳುತ್ತಿದ್ದೆ.

ತುಂಗಾತೀರ

ಮೇಷ್ಟ್ರೇ, ಹಳೇಹಂಡೆ ಅಣ್ಣ, ಇಬ್ಬರಿಗೂ ವಂದನೆ. ಹಲಸಿನ ಯೋಚನೆಯನ್ನು ಇಲ್ಲಿಗೇ ಬಿಟ್ಟೆ. ಅಮ್ಮನಿಗೆ ಓದಿ ಹೇಳಿದೆ, ಅವರಿಗೂ ಸಮಾಧಾನವಾಯಿತು.

ಈಗ ಮಜ್ಜಿಗೆ ಹುಲ್ಲಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಅಡಿಕೆ ಬೇಯಿಸುವ ದೊಡ್ಡ ತಾಮ್ರದ ಹಂಡೆ ಇದೆ. ಪಕ್ಕದ ಮನೆಯವರು ಗೋಮೂತ್ರ ಅರ್ಕ ತೆಗೆಯುವ ಸ್ಟೀಲ್ ಪಾತ್ರೆಯನ್ನು ಬೇಕಾದರೆ ಒಯ್ಯಿರಿ ಎನ್ನುತ್ತಿದ್ದಾರೆ. ಇವೆರಡರಲ್ಲಿ ಯಾವುದಾದರೂ ಆದೀತೇ? ಕೊಳವೆಗೆ ಹಳೆಯ ಫ್ರಿಡ್ಜಿನ ಹಿಂದಿನ ಸುರುಳಿ ಬಳಸಬಹುದು ಎಂದು ಒಬ್ಬರು ಹೇಳಿದರು.

ಹಳೇಹಂಡೆ

ಮೂರೂ ಬೇಡ. ಕಾರಣ ಹೇಳುತ್ತೇನೆ.

ಅಡಿಕೆ ಹಂಡೆಯ ಗೋಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ರಸ, ಇಳಿದಿರುತ್ತದೆ, ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ಮೇಲಾಗಿ ಅದರ ಬಾಯಿ ಅಗಲ, ಅದಕ್ಕೆ ಆವಿ ಸೋರದಂತೆ ಮುಚ್ಚಳ ಕೂರಿಸುವುದೇ ಒಂದು ಸಾಹಸ. ಅರ್ಕದ ಪಾತ್ರೆಯ ಕೊಳವೆಯಲ್ಲಿ ಅಮೋನಿಯಾದ ವಾಸನೆ ಕುಳಿತಿರುತ್ತದೆ, ನಿಮ್ಮ ಎಣ್ಣೆ ಅದನ್ನು ಹೀರಿಕೊಂಡೇ ಹೊರಬರುತ್ತದೆ. ಇನ್ನು ಫ್ರಿಡ್ಜಿನ ಸುರುಳಿ, ಕಾರಿನ ರೇಡಿಯೇಟರ್ ಇವನ್ನು ಯಾರು ಹೇಳಿದರೂ ತರಬೇಡಿ. ಒಳಗೆ ಯಂತ್ರದ ಎಣ್ಣೆ ಇರುತ್ತದೆ, ಬೆಸುಗೆಯಲ್ಲಿ ಸೀಸ ಇರುತ್ತದೆ. ನನಗೇ ಪಾಠವಾಗಿದೆ. ಮೊದಲ ವರ್ಷ ಅಂತರ್ಜಾಲದಲ್ಲಿ ಒಂದು ಅಂಗಡಿಯಿಂದ ಹೊಳೆಯುವ ತಾಮ್ರದ ಬಟ್ಟಿ ತರಿಸಿದೆ. ನೋಡಲು ದೇವರ ಕೋಣೆಯಲ್ಲಿಡುವಷ್ಟು ಚಂದ. ಶಿವಮೊಗ್ಗದ ಒಬ್ಬ ಬೆಸುಗೆಯವರಿಗೆ ತೋರಿಸಿದಾಗ ಸಂದಿಯನ್ನು ಕೆರೆದು ನೋಡಿ, ಇದರಲ್ಲಿ ಸೀಸ ಇದೆ ಎಂದರು. ಅದು ಈಗಲೂ ಅಟ್ಟದ ಮೇಲಿದೆ.

ಎಲೆಯ ಎಣ್ಣೆಗೆ 304 ದರ್ಜೆಯ ಸ್ಟೀಲ್ ಸಾಕು. ತಾಮ್ರಕ್ಕೆ ಅದರದೇ ಗುಣವಿದೆ, ಗಂಧಕದ ದುರ್ವಾಸನೆಯನ್ನು ಹಿಡಿದುಕೊಳ್ಳುತ್ತದೆ. ಆದರೆ ಇಳಿದ ನೀರು ಸ್ವಲ್ಪ ಹುಳಿಯಾಗಿರುವುದರಿಂದ ಬರಿಯ ತಾಮ್ರದಲ್ಲಿ ಕಿಲುಬು ಕಟ್ಟಿ ಎಣ್ಣೆ ಹಸಿರಾಗುತ್ತದೆ. ತಾಮ್ರವೇ ಬೇಕೆಂದರೆ ಅಡುಗೆ ಪಾತ್ರೆಗೆ ಮಾಡಿಸುವಂತೆ ಒಳಗೆ ಕಲಾಯಿ ಹಾಕಿಸಬೇಕು. ಕಲಾಯಿಯವರು ಈಗ ಊರೂರಿಗೆ ಬರುವುದಿಲ್ಲ. ಕಬ್ಬಿಣವಂತೂ ಬೇಡವೇ ಬೇಡ. ದಾಲ್ಚಿನ್ನಿ ಎಲೆಯ ಎಣ್ಣೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ.

ನಲವತ್ತು ಲೀಟರಿನ ಪಾತ್ರೆ ಮಾಡಿಸಿ. ತಳದಿಂದ ಒಂದು ಗೇಣು ಮೇಲೆ ಇಡ್ಲಿ ತಟ್ಟೆಯಂತೆ ತೂತು ತೂತಾದ ತಟ್ಟೆ, ಅದನ್ನು ಹೊರಲು ಮೂರು ಕಾಲು. ತಟ್ಟೆಯ ಕೆಳಗೆ ನೀರು, ಮೇಲೆ ಹುಲ್ಲು. ಹುಲ್ಲು ನೀರನ್ನು ಮುಟ್ಟಬಾರದು. ಮುಚ್ಚಳದ ನಡುವಿನಿಂದ ಒಂದು ಅಂಗುಲದ ಕೊಳವೆ ಮೇಲೆದ್ದು ಬಾಗಿ, ಸುರುಳಿಯಾಗಿ ತಣ್ಣೀರಿನ ಡ್ರಮ್ಮಿನೊಳಗೆ ಇಳಿದು, ಕೆಳಗೆ ಹೊರಬರಬೇಕು. ಕೊಳವೆ ಎಲ್ಲಿಯೂ ಮತ್ತೆ ಮೇಲೇರಬಾರದು. ಏರಿದ ಕಡೆ ನೀರು ನಿಂತು ಆವಿಯ ದಾರಿ ಕಟ್ಟುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಆವಿಗೆ ಯಾವಾಗಲೂ ಹೊರಹೋಗುವ ದಾರಿ ತೆರೆದೇ ಇರಬೇಕು. ಕೊಳವೆಗೆ ಎಲ್ಲಿಯೂ ನಲ್ಲಿ, ವಾಲ್ವ್ ಹಾಕಿಸಬೇಡಿ. ಹುಲ್ಲನ್ನು ಮುಚ್ಚಳದವರೆಗೆ ತುರುಕಬೇಡಿ, ನಾಲ್ಕು ಬೆರಳು ಖಾಲಿ ಬಿಡಿ. ಒಲೆ ಹೊತ್ತಿಸುವ ಮೊದಲು ಪ್ರತಿ ಸಲವೂ ಕೊಳವೆಯ ತುದಿಗೆ ಬಾಯಿಟ್ಟು ಊದಿ ನೋಡಿ, ಗಾಳಿ ಸರಾಗ ಹೋಗಬೇಕು. ಒಂದು ಎಲೆಯ ಚೂರು ಕೊಳವೆಯ ಬಾಯಿಗೆ ಸಿಕ್ಕಿಕೊಂಡರೆ ನಿಮ್ಮ ಪಾತ್ರೆ ಬಟ್ಟಿಯಾಗಿ ಉಳಿಯುವುದಿಲ್ಲ, ಬಾಂಬ್ ಆಗುತ್ತದೆ. ಹನ್ನೊಂದು ವರ್ಷದಲ್ಲಿ ಊದಿ ನೋಡದೆ ಒಂದು ದಿನವೂ ಒಲೆ ಹೊತ್ತಿಸಿಲ್ಲ.

ಅಬ್ಬಿನೀರು (ಹೊಸನಗರ ತಾಲ್ಲೂಕು)

ಹಳೇಹಂಡೆ ಅಣ್ಣ ಪಾತ್ರೆಯ ವಿಷಯ ಹೇಳಿದ್ದಾರೆ, ನಾನು ನೀರಿನ ವಿಷಯ ಹೇಳುತ್ತೇನೆ. ಹೆಚ್ಚಿನವರು ಸೋಲುವುದು ನೀರಿನಲ್ಲಿ.

ಒಂದು ಲೀಟರ್ ಇಳಿಸಲು ಸುಮಾರು ಮೂವತ್ತು ಲೀಟರ್ ತಣ್ಣೀರು ಬೇಕು, ಅದೂ ಡ್ರಮ್ಮಿನ ನೀರು ಇಪ್ಪತ್ತು ಡಿಗ್ರಿ ಬಿಸಿಯಾಗಲಿ ಎಂದು ಬಿಟ್ಟರೆ. ಪೇಟೆಯಲ್ಲಿ ಟ್ಯಾಂಕರ್ ತರಿಸುವವರಿಗೆ ಇದು ದುಬಾರಿ. ನಮಗೆ ಗುಡ್ಡದಿಂದ ಅಬ್ಬಿಯ ನೀರು ಪೈಪಿನಲ್ಲಿ ತಾನೇ ಇಳಿದು ಬರುತ್ತದೆ, ಮೋಟಾರ್ ಬೇಡ, ಕರೆಂಟ್ ಬೇಡ. ತಣ್ಣೀರನ್ನು ಡ್ರಮ್ಮಿನ ತಳಕ್ಕೆ ಬಿಡಿ, ಬಿಸಿಯಾದ ನೀರು ಮೇಲಿನಿಂದ ಹೊರಹೋಗಲಿ. ಅದನ್ನು ಬಚ್ಚಲಿನ ಹಂಡೆಗೆ ತಿರುಗಿಸಿಕೊಂಡರೆ ಅರ್ಧ ಸೌದೆ ಉಳಿಯುತ್ತದೆ. ಕೊಳವೆಯ ತುದಿಯಲ್ಲಿ ಬೀಳುವ ನೀರಿಗೆ ಬೆರಳಿಟ್ಟರೆ ತಣ್ಣಗೆ, ಹೆಚ್ಚೆಂದರೆ ಉಗುರು ಬೆಚ್ಚಗೆ ಇರಬೇಕು. ಬಿಸಿ ಎನಿಸಿದರೆ ಒಲೆ ತಗ್ಗಿಸಿ.

ಮುಚ್ಚಳದ ಸಂದಿಗೆ ರಬ್ಬರ್ ಗ್ಯಾಸ್ಕೆಟ್ ಹಾಕಬೇಡಿ, ವಾಸನೆ ಕುಡಿಯುತ್ತದೆ. ಹೋಳಿಗೆಗೆ ಕಲಸುವ ಹಾಗೆ, ಆದರೆ ಎಣ್ಣೆ ಹಾಕದೆ, ಮೈದಾ ಹಿಟ್ಟಿನ ಕಣಕ ಮಾಡಿ ಸುತ್ತಲೂ ಮೆತ್ತಿ. ಆವಿಯ ಬಿಸಿಗೆ ಗಟ್ಟಿಯಾಗಿ ಕೂರುತ್ತದೆ. ಒಳಗಿನ ಒತ್ತಡ ಏರಿದರೆ ಮೊದಲು ಬಿರಿಯುವುದು ಅದೇ, ಆದ್ದರಿಂದ ಕಣಕ ಬಿರಿದರೆ ಬೈಯಬೇಡಿ, ಒಲೆ ಆರಿಸಿ ಕಾರಣ ಹುಡುಕಿ.

ಮುಗಿದ ಮೇಲೆ ಅವಸರದಲ್ಲಿ ಮುಚ್ಚಳ ತೆಗೆಯಬೇಡಿ. ಎರಡು ವರ್ಷಗಳ ಹಿಂದೆ ನಾನು ತೆಗೆದೆ. ಮುಂಗೈಯಿಂದ ಮೊಣಕೈವರೆಗೆ ಸುಟ್ಟಿತು. ಆ ವರ್ಷದ ಅಡಿಕೆ ಕೊಯ್ಲಿನಲ್ಲಿ ನಾನು ಒಂದು ಅಡಿಕೆಯನ್ನೂ ಸುಲಿಯಲಾಗಲಿಲ್ಲ.

ತುಂಗಾತೀರ

ಅಕ್ಕಾ, ಓದಿ ಮೈ ಜುಮ್ಮೆಂದಿತು. ಈಗ ಕೈ ಸರಿಯಾಗಿದೆಯೇ? ಪಾತ್ರೆ ಶಿವಮೊಗ್ಗದಲ್ಲಿ ಮಾಡಲು ಕೊಟ್ಟಿದ್ದೇನೆ. ಹುಲ್ಲು ಯಾವಾಗ ಕೊಯ್ಯಬೇಕು?

ಅಬ್ಬಿನೀರು

ಕಲೆ ಉಳಿದಿದೆ, ನೋವಿಲ್ಲ. ಹೊಸದಾಗಿ ನೆಟ್ಟ ಹುಲ್ಲಾದರೆ ಮೂರು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಐವತ್ತು ಅರವತ್ತು ದಿನಕ್ಕೊಮ್ಮೆ. ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಮಳೆ ಬರುವಾಗ, ಇಬ್ಬನಿ ಇರುವಾಗ ಬೇಡ. ಕೊಯ್ದ ಹುಲ್ಲನ್ನು ಒಂದು ದಿನ ನೆರಳಿನಲ್ಲಿ ಹರಡಿ ಬಾಡಿಸಿ. ನೀರು ಕಡಿಮೆಯಾದರೆ ಪಾತ್ರೆಗೆ ಹೆಚ್ಚು ಹುಲ್ಲು ಹಿಡಿಯುತ್ತದೆ, ಸೌದೆಯೂ ಉಳಿಯುತ್ತದೆ.

ಬೆಟ್ಟದಬುಡ

ನನ್ನ ಹಿಂದಿನ ಪ್ರಶ್ನೆಗೆ ಮೇಷ್ಟ್ರು ಕೊಟ್ಟ ಉತ್ತರವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಈಗ ನನಗೂ ಎಣ್ಣೆಯ ಆಸೆ ಹುಟ್ಟಿದೆ. ನಮ್ಮ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟಿರುವ ಸರ್ಕಾರಿ ಕಾಡಿನಲ್ಲಿ, ಕಾಡು ದಾಲ್ಚಿನ್ನಿ ಮರಗಳಿವೆ. ಹಿತ್ತಿಲಿನಲ್ಲಿ ಎರಡು ಗಂಧದ ಮರಗಳಿವೆ. ಇವುಗಳಿಂದ ಆರಂಭಿಸಬಹುದೇ?

ಹಳೇಹಂಡೆ

ಸೊಪ್ಪಿನಬೆಟ್ಟದ ಸೌಲಭ್ಯ ಇರುವುದು ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರುವುದಕ್ಕೆ, ವ್ಯಾಪಾರಕ್ಕಲ್ಲ. ಕಾಡು ದಾಲ್ಚಿನ್ನಿಯ ತೊಗಟೆಯನ್ನು ಸುತ್ತಲೂ ಸುಲಿದರೆ ಆ ಮರ ನಿಂತಲ್ಲೇ ಸಾಯುತ್ತದೆ, ನಮ್ಮ ಸುತ್ತಲಿನ ಗುಡ್ಡಗಳಲ್ಲಿ ಹಾಗೆ ಒಣಗಿ ನಿಂತ ಮರಗಳನ್ನು ನೋಡಿ ಹೊಟ್ಟೆ ಉರಿಯುತ್ತದೆ. ತೋಟದ ಅಂಚಿನಲ್ಲಿ ನೀವೇ ಗಿಡ ಹಾಕಿ. ಎಲೆಯನ್ನು ಸವರಿಕೊಂಡರೆ ಮರಕ್ಕೆ ಏನೂ ಆಗುವುದಿಲ್ಲ. ಎಲೆಯ ಎಣ್ಣೆಯಲ್ಲಿ ಲವಂಗದ ಘಾಟು ಬರುತ್ತದೆ, ಏಕೆಂದರೆ ಅದರಲ್ಲಿರುವುದು ಹೆಚ್ಚಾಗಿ ಲವಂಗದಲ್ಲಿರುವ ಯುಜೆನಾಲ್ ಎಂಬ ವಸ್ತುವೇ. ಒಂದು ಎಚ್ಚರ: ಅದು ನೀರಿಗಿಂತ ಭಾರ. ಮಜ್ಜಿಗೆ ಹುಲ್ಲಿನ ಎಣ್ಣೆ ತೇಲುತ್ತದೆ, ಇದು ತಳಕ್ಕೆ ಕೂರುತ್ತದೆ. ಗೊತ್ತಿಲ್ಲದವರು ಎಣ್ಣೆಯೇ ಬರಲಿಲ್ಲ ಎಂದು ಎಲ್ಲವನ್ನೂ ಚೆಲ್ಲಿಬಿಡುತ್ತಾರೆ.

ಲಾವಂಚವನ್ನೂ ಆರಂಭದಲ್ಲಿ ಮುಟ್ಟಬೇಡಿ. ಬೇರಿನ ಎಣ್ಣೆ ಬಿಡಲು ಹಗಲೂ ರಾತ್ರಿ ಒಲೆ ಕಾಯಬೇಕು.

ರಸಾಯನಪಾಠ

ಗಂಧದ ಮಾತು ನನಗಿರಲಿ. ಮರ ನಿಮ್ಮ ಹಿತ್ತಿಲಿನದೇ ಆದರೂ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, ಎಣ್ಣೆ ತೆಗೆಯಲು ಬೇರೆಯೇ ಪರವಾನಗಿ ಬೇಕು. ಮನೆಯ ಬಟ್ಟಿಗೆ ಅದು ಸಲ್ಲದು.

ಆದರೆ ಬಟ್ಟಿಯ ಕಥೆ ನಮ್ಮ ಜಿಲ್ಲೆಗೆ ಎಷ್ಟು ಹತ್ತಿರದ್ದು ನೋಡಿ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಅಲ್ಲಿಯವರೆಗೆ ಮರ ನಮ್ಮದು, ಎಣ್ಣೆ ತೆಗೆಯುವ ವಿದ್ಯೆ ಹೊರಗಿನವರದು ಎಂಬ ಸ್ಥಿತಿ ಇತ್ತು. 1944ರಲ್ಲಿ ಶಿವಮೊಗ್ಗದಲ್ಲೂ ಒಂದು ಕಾರ್ಖಾನೆ ಬಂತು. ಹುಡುಗನಾಗಿದ್ದಾಗ ತಂದೆಯ ಸೈಕಲ್ಲಿನ ಹಿಂದೆ ಕುಳಿತು ಆ ಬದಿಯ ದಾರಿಯಲ್ಲಿ ಹೋಗುವಾಗ ಗಾಳಿಯಲ್ಲೇ ಗಂಧವಿರುತ್ತಿತ್ತು. ರಸಾಯನಶಾಸ್ತ್ರ ಓದಬೇಕೆಂದು ಅನಿಸಿದ್ದು ಆ ಗಾಳಿಯಿಂದ ಎಂದು ಈಗ ತೋರುತ್ತದೆ.

ತುಂಗಾತೀರ

ಮೊದಲ ಸಲ ಇಳಿಸಿದೆ. ನಡೆದದ್ದನ್ನೆಲ್ಲ ಬಿಡದೆ ಬರೆಯುತ್ತೇನೆ, ತಪ್ಪು ಎಲ್ಲಿ ಎಂದು ಹೇಳಿ.

ಹೊಸ ಪಾತ್ರೆಯನ್ನು ಸೀಗೆಪುಡಿ ಹಾಕಿ ತೊಳೆದು, ಬರಿಯ ನೀರು ಹಾಕಿ ಒಂದು ಗಂಟೆ ಆವಿ ಹಾಯಿಸಿ, ಆ ನೀರನ್ನು ಚೆಲ್ಲಿದೆ. ಮರುದಿನ ಬೆಳಿಗ್ಗೆ ಹುಲ್ಲು ಕೊಯ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು, ಹುಲ್ಲು ಒದ್ದೆಯಿತ್ತು. ಬಾಡಿಸಲು ಬಿಡದೆ, ಕತ್ತರಿಸದೆ, ಎಂಟು ಕಿಲೋವನ್ನು ಹಾಗೆಯೇ ಮಡಚಿ ತುಂಬಿದೆ. ನೀರು ಐದು ಲೀಟರ್. ಊದಿ ನೋಡಿದೆ, ಗಾಳಿ ಹೋಯಿತು. ಕಣಕ ಮೆತ್ತಿದೆ. ಗ್ಯಾಸ್ ಒಲೆಯನ್ನು ಜೋರಾಗಿಯೇ ಇಟ್ಟೆ.

ಮುಕ್ಕಾಲು ಗಂಟೆಗೆ ಮೊದಲ ಹನಿ ಬಿತ್ತು. ಅಮ್ಮನನ್ನು ಕೂಗಿ ಕರೆದೆ. ಮನೆ, ಅಂಗಳ, ಕೊಟ್ಟಿಗೆ ಎಲ್ಲ ಘಮಘಮ ಎಂದಿತು. ಪಾತ್ರೆಯಲ್ಲಿ ಬಿದ್ದ ನೀರು ಕೈ ಇಡಲಾಗದಷ್ಟು ಬಿಸಿ ಇತ್ತು. ಥರ್ಮಾಮೀಟರ್ 98 ಡಿಗ್ರಿಗಿಂತ ಮೇಲೇರಲೇ ಇಲ್ಲ, ಅದು ಕೆಟ್ಟಿದೆಯೋ ಏನೋ. ಎರಡು ಗಂಟೆಯ ಹೊತ್ತಿಗೆ ಸೀದ ವಾಸನೆ ಬಂತು, ಒಲೆ ಆರಿಸಿದೆ. ತಣಿದ ಮೇಲೆ ತೆರೆದರೆ ತಳದಲ್ಲಿ ನೀರೇ ಇರಲಿಲ್ಲ. ಅಗಲವಾದ ಸ್ಟೀಲ್ ಬೋಗುಣಿಯಲ್ಲಿ ನೀರಿನ ಮೇಲೆ ಎಣ್ಣೆ ತೆಳ್ಳಗೆ ಹರಡಿತ್ತು. ಸಿರಿಂಜಿನಲ್ಲಿ ಎಳೆದು ಎಳೆದು ಆರು ಮಿಲಿಲೀಟರ್ ಮಾತ್ರ ಸಿಕ್ಕಿತು, ಅದರಲ್ಲೂ ಸೀದ ವಾಸನೆ.

ಹಳೇಹಂಡೆ

ಮನೆಯೆಲ್ಲ ಘಮಘಮ ಎಂದಿರಿ. ಆ ಘಮವೇ ನಿಮ್ಮ ಎಣ್ಣೆ, ತಮ್ಮಾ. ಕೊಳವೆಯ ತುದಿಯಲ್ಲಿ ನೀರು ಬಿಸಿಯಾಗಿ ಬಂದಾಗ ಎಣ್ಣೆಯ ಒಂದು ಪಾಲು ತಣಿದು ದ್ರವವಾಗದೆ ಗಾಳಿಗೆ ಹೋಯಿತು. ಒಳ್ಳೆಯ ಬಟ್ಟಿಯ ಹತ್ತಿರ ನಿಂತರೆ ಹೆಚ್ಚು ಪರಿಮಳ ಬರಬಾರದು.

ಉರಿ ಜೋರಾದದ್ದು ಮೂಲ ತಪ್ಪು. ಗಂಟೆಗೆ ಎರಡು ಲೀಟರಿನಷ್ಟು ಇಳಿದರೆ ಸಾಕು. ಎರಡೂವರೆ ಗಂಟೆ ಇಳಿಸಬೇಕೆಂದರೆ ಐದು ಲೀಟರ್ ಇಳಿಯುತ್ತದೆ, ಹಾಗಾಗಿ ಎಂಟು ಲೀಟರ್ ನೀರು ಹಾಕಿ. ತಳ ಎಂದೂ ಒಣಗಬಾರದು. ಹುಲ್ಲನ್ನು ಒಂದು ಗೇಣಿನ ತುಂಡುಗಳಾಗಿ ಕತ್ತರಿಸಿ, ಎಲ್ಲ ಕಡೆ ಸಮನಾಗಿ ಕೂರಿಸಿ. ಮಡಚಿ ತುಂಬಿದರೆ ಒಂದು ಬದಿಯಲ್ಲಿ ಸಂದು ಉಳಿಯುತ್ತದೆ. ಆವಿ ಆ ಸಂದಿನಲ್ಲೇ ಓಡಿಹೋಗುತ್ತದೆ, ಉಳಿದ ಹುಲ್ಲಿಗೆ ತಾಗುವುದೇ ಇಲ್ಲ. ನಿಮ್ಮ ಹುಲ್ಲಿನ ರಾಶಿ ಈಗಲೂ ಇದ್ದರೆ ನೋಡಿ, ಒಂದು ಬದಿ ಬೆಂದು ಕಂದಾಗಿ, ಇನ್ನೊಂದು ಬದಿ ಹಸಿರಾಗಿಯೇ ಇರುತ್ತದೆ.

ಬೋಗುಣಿಯ ಬದಲು ಎತ್ತರದ ಗಾಜಿನ ಜಾಡಿ ತನ್ನಿ. ಜಾಡಿಯ ತಳದವರೆಗೆ ಇಳಿಯುವ ಒಂದು ಗಾಜಿನ ಅಥವಾ ಸ್ಟೀಲಿನ ಕೊಳವೆ, ಅದರ ಮೇಲಿನ ಬಾಗು ಜಾಡಿಯ ಬಾಯಿಗಿಂತ ಎರಡು ಬೆರಳು ಕೆಳಗೆ ಹೊರಬರುವಂತಿರಲಿ. ಹೊಸ ನೀರು ಮೇಲಿನಿಂದ ಬಿದ್ದಂತೆ ತಳದ ನೀರು ಆ ಕೊಳವೆಯಿಂದ ಹೊರಹೋಗುತ್ತದೆ, ಎಣ್ಣೆ ಮೇಲೆಯೇ ನಿಂತು ದಪ್ಪವಾಗುತ್ತಾ ಬರುತ್ತದೆ. ಪ್ಲಾಸ್ಟಿಕ್ ಬೇಡ. ಈ ಎಣ್ಣೆ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ.

ರಸಾಯನಪಾಠ

ಥರ್ಮಾಮೀಟರ್ ಕೆಟ್ಟಿಲ್ಲ. ಮೇಲಕ್ಕೆ ಹೋದಂತೆ ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ನಮ್ಮ ಜಿಲ್ಲೆಯ ಹೆಚ್ಚಿನ ಊರುಗಳು ಸಮುದ್ರಮಟ್ಟದಿಂದ ಆರುನೂರು ಮೀಟರಿನ ಆಸುಪಾಸಿನಲ್ಲಿವೆ. ಆದ್ದರಿಂದ 98 ಸರಿಯಾಗಿಯೇ ಇದೆ.

ಇನ್ನೊಂದು ಪ್ರಶ್ನೆ ನೀವು ಕೇಳಲಿಲ್ಲ, ಆದರೆ ಕೇಳಬೇಕಾದದ್ದು. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಇರುವುದು ನಿಂಬೆಯ ಪರಿಮಳ ಕೊಡುವ ಸಿಟ್ರಾಲ್. ಅದನ್ನೊಂದನ್ನೇ ಕಾಯಿಸಿದರೆ ಕುದಿಯುವುದು 229 ಡಿಗ್ರಿಯ ಹತ್ತಿರ. 98 ಡಿಗ್ರಿಯಲ್ಲಿ ಅದು ಹೇಗೆ ಆವಿಯಾಗಿ ಬಂತು? ನೀರೂ ಎಣ್ಣೆಯೂ ಬೆರೆಯುವುದಿಲ್ಲ. ಬೆರೆಯದ ಎರಡು ದ್ರವಗಳು ಒಟ್ಟಿಗಿದ್ದಾಗ ಪ್ರತಿಯೊಂದೂ ತಾನೊಂದೇ ಇದ್ದಂತೆ ತನ್ನ ಆವಿಯ ಒತ್ತಡವನ್ನು ಕೊಡುತ್ತದೆ. ಎರಡರ ಒತ್ತಡ ಕೂಡಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದ ಕೂಡಲೇ ಕುದಿ ಬರುತ್ತದೆ. ಆಗ ನೀರಿನ ಕೈ ಹಿಡಿದು ಎಣ್ಣೆಯೂ ಏಳುತ್ತದೆ. ನೀರಿನಲ್ಲಿ ಬೆರೆಯುವ ಮದ್ಯದ ಲೆಕ್ಕ ಬೇರೆ, ಅಲ್ಲಿ ಈ ನಿಯಮ ನಡೆಯುವುದಿಲ್ಲ.

ತುಂಗಾತೀರ

ಹಳೇಹಂಡೆ ಅಣ್ಣ, ಹುಲ್ಲಿನ ರಾಶಿಯನ್ನು ಹೋಗಿ ನೋಡಿದೆ. ನೀವು ಹೇಳಿದ ಹಾಗೆಯೇ ಒಂದು ಬದಿ ಹಸಿರಾಗಿದೆ!

ಹತ್ತು ದಿನ ಮಳೆ ಬಿಡಲಿಲ್ಲ. ಬಿಸಿಲು ಬಂದ ಮೇಲೆ ಎರಡನೆಯ ಸಲ ಇಳಿಸಿದೆ. ಎಂಟು ಕಿಲೋ ಹುಲ್ಲು ಒಂದು ದಿನ ಬಾಡಿ ಆರು ಕಿಲೋ ಆಗಿತ್ತು. ಕತ್ತರಿಸಿ ಪದರ ಪದರವಾಗಿ ಕೂರಿಸಿದೆ. ಎಂಟು ಲೀಟರ್ ನೀರು, ಮೊದಲ ಹನಿ ಬಿದ್ದ ಕೂಡಲೇ ಉರಿ ತಗ್ಗಿಸಿದೆ. ತುದಿಯಲ್ಲಿ ಬೀಳುವ ನೀರು ತಣ್ಣಗಿತ್ತು. ಅಂಗಳದಲ್ಲಿ ಪರಿಮಳ ಅಷ್ಟಾಗಿ ಇರಲಿಲ್ಲ, ಎಣ್ಣೆ ಬರುತ್ತಿಲ್ಲವೇನೋ ಎಂದು ಅಮ್ಮ ಎರಡು ಸಲ ಬಂದು ಕೇಳಿದರು. ಜಾಡಿಯ ಮೇಲ್ಭಾಗದಲ್ಲಿ ತಿಳಿಹಳದಿ ಪಟ್ಟಿ ಕಾಣಿಸಿಕೊಂಡು, ನೋಡನೋಡುತ್ತಿದ್ದಂತೆ ದಪ್ಪವಾಯಿತು. ಎರಡೂವರೆ ಗಂಟೆಗೆ ನಿಲ್ಲಿಸಿದೆ. ಅಳೆದಾಗ 24 ಮಿಲಿಲೀಟರ್.

ಅಬ್ಬಿನೀರು

ಎಂಟು ಕಿಲೋ ಹಸಿ ಹುಲ್ಲಿಗೆ 24 ಎಂದರೆ ಒಳ್ಳೆಯ ಇಳುವರಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಎಣ್ಣೆಯನ್ನು ಕಂದು ಗಾಜಿನ ಚಿಕ್ಕ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ, ತಂಪಾದ ಕತ್ತಲೆಯಲ್ಲಿಡಿ. ಖಾಲಿ ಜಾಗ ಉಳಿದರೆ ಗಾಳಿ ತಾಗಿ ಕೆಡುತ್ತದೆ. ಬರಿಯ ಎಣ್ಣೆಯನ್ನು ಚರ್ಮಕ್ಕೆ ಹಚ್ಚಬೇಡಿ, ಉರಿಯುತ್ತದೆ. ನೂರು ಹನಿ ಕೊಬ್ಬರಿ ಎಣ್ಣೆಗೆ ಒಂದು ಹನಿ ಸಾಕು. ಹೊಟ್ಟೆಗಂತೂ ತೆಗೆದುಕೊಳ್ಳುವಂತಿಲ್ಲ. ಉರಿಯುವ ವಸ್ತುವಾದ್ದರಿಂದ ಒಲೆಯ ಹತ್ತಿರ ಇಡಬೇಡಿ. ಎಣ್ಣೆ ತೆಗೆದ ಮೇಲೆ ಉಳಿದ ಪರಿಮಳದ ನೀರನ್ನು ಚೆಲ್ಲಬೇಡಿ, ನೆಲ ಒರೆಸಲು, ಕೊಟ್ಟಿಗೆಗೆ ಚಿಮುಕಿಸಲು ಚೆನ್ನಾಗಿರುತ್ತದೆ. ಫ್ರಿಡ್ಜಿನಲ್ಲಿಡದಿದ್ದರೆ ಬೂಸ್ಟು ಹಿಡಿಯುತ್ತದೆ. ಬೆಂದ ಹುಲ್ಲು ಅಡಿಕೆ ಮರದ ಬುಡಕ್ಕೆ ಹೋಗಲಿ.

ಮಳೆಬಿಲ್ಲು (ಸೊರಬ)

ಇದನ್ನು ಓದುತ್ತಾ ಬಂದೆ. ನಮ್ಮಲ್ಲಿ ಎರಡು ಎಕರೆ ಖಾಲಿ ಜಾಗವಿದೆ. ಒಬ್ಬರು ಬಂದು ಸಸಿ ಕೊಡುತ್ತೇವೆ, ಬಟ್ಟಿಯನ್ನೂ ಕೊಡುತ್ತೇವೆ, ಎಣ್ಣೆಯನ್ನು ನಾವೇ ಕೊಳ್ಳುತ್ತೇವೆ, ಮುಂಗಡ ಕಟ್ಟಿ ಎನ್ನುತ್ತಿದ್ದಾರೆ. ಇದರಿಂದ ಸಂಸಾರ ನಡೆಯುವಷ್ಟು ಬರುತ್ತದೆಯೇ?

ಹಳೇಹಂಡೆ

ಮುಂಗಡ ಕಟ್ಟಬೇಡಿ. ನನ್ನ ಪರಿಚಯದ ಇಬ್ಬರು ಹೀಗೆ ಕಟ್ಟಿ, ಹುಲ್ಲು ಬೆಳೆದ ಮೇಲೆ ಕೊಳ್ಳುವವರು ಫೋನ್ ಎತ್ತದೆ ಕುಳಿತದ್ದನ್ನು ಕಣ್ಣಾರೆ ಕಂಡಿದ್ದೇನೆ.

ಲೆಕ್ಕ ನೀವೇ ಹಾಕಿ. ತುಂಗಾತೀರದವರಿಗೆ ಸಿಕ್ಕ 24 ಮಿಲಿಲೀಟರ್ ತೂಗಿದರೆ ಹೆಚ್ಚುಕಡಿಮೆ ಇಪ್ಪತ್ತೊಂದು ಗ್ರಾಂ. ಒಂದು ಕಿಲೋ ಎಣ್ಣೆಗೆ ಅವರು ನಲವತ್ತೇಳು ಸಲ ಒಲೆ ಹೊತ್ತಿಸಬೇಕು, ಮುನ್ನೂರ ಎಪ್ಪತ್ತು ಕಿಲೋಗಿಂತ ಹೆಚ್ಚು ಹುಲ್ಲು ಕೊಯ್ಯಬೇಕು. ಚಿಕ್ಕ ಪಾತ್ರೆ ಕಲಿಯುವುದಕ್ಕೆ, ಮನೆಗೆ, ನೆಂಟರಿಗೆ. ಎಕರೆಗಟ್ಟಲೆ ಬೆಳೆಯುವವರಿಗೆ ನೂರಾರು ಕಿಲೋ ಹಿಡಿಯುವ ಬಟ್ಟಿ ಬೇಕು, ಹತ್ತು ರೈತರು ಸೇರಿ ಹಾಕಿಕೊಂಡರೆ ಮಾತ್ರ ಅದು ಗಿಟ್ಟುತ್ತದೆ.

ಮೊದಲು ಕೇಳಬೇಕಾದ ಕಡೆ ಕೇಳಿ. ಲಖನೌದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ, ಅಂದರೆ ಸಿಮ್ಯಾಪ್, ಬೆಂಗಳೂರಿನಲ್ಲೂ ಒಂದು ಸಂಶೋಧನಾ ಕೇಂದ್ರ ಇಟ್ಟುಕೊಂಡಿದೆ. ‘ಕೃಷ್ಣಾ’ ಎಂಬ ಮಜ್ಜಿಗೆ ಹುಲ್ಲಿನ ತಳಿ ಅವರದೇ. ನಮ್ಮ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೇ ಇದೆ. ಎಣ್ಣೆ ಬೆರೆಸಿ ಸಾಬೂನು, ಮೈಗೆ ಹಚ್ಚುವ ಎಣ್ಣೆ ಮಾಡಿ ಮಾರುವುದಾದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಪರವಾನಗಿ ಬೇಕು ಎಂಬುದೂ ನೆನಪಿರಲಿ.

ಮಳೆಬಿಲ್ಲು

ಅಣ್ಣಾ, ನಾಳೆ ಮುಂಗಡ ಕಟ್ಟುವವರಿದ್ದೆವು. ಬೇಡವೆಂದು ಫೋನ್ ಮಾಡಿ ಹೇಳಿದೆ.

ತುಂಗಾತೀರ

ಇಂದು ಮೂರನೆಯ ಸಲ ಇಳಿಸಿದ್ದು ಓಮ. ಪೇಟೆಯಿಂದ ಅರ್ಧ ಕಿಲೋ ತಂದು ಜಜ್ಜಿ, ತಟ್ಟೆಗೆ ತೆಳುಬಟ್ಟೆ ಹಾಸಿ ಅದರ ಮೇಲೆ ಹರಡಿದೆ. ನಾನು ಚಿಕ್ಕವನಿದ್ದಾಗ ಹೊಟ್ಟೆ ನೋವೆಂದರೆ ಅಜ್ಜಿ ಓಮದ ನೀರಿನ ಬಾಟಲಿ ತೆಗೆಯುತ್ತಿದ್ದರು. ಅದು ಅಂಗಡಿಯಿಂದಲೇ ಬರುವ ವಸ್ತು ಎಂದುಕೊಂಡಿದ್ದೆ. ಕೊಳವೆಯ ತುದಿಯಲ್ಲಿ ಮೊದಲ ಹನಿ ಬಿದ್ದಾಗ ಅಮ್ಮ ಬೆರಳಿಗೆ ತಾಗಿಸಿ ಮೂಸಿ, ನಿನ್ನ ಅಜ್ಜಿಯ ಬಾಟಲಿಯ ವಾಸನೆ ಎಂದರು. ಆಮೇಲೆ ಒಲೆಯ ಪಕ್ಕದ ಮಣೆಯ ಮೇಲೆ ಕುಳಿತವರು ಕೊನೆಯ ಹನಿಯವರೆಗೂ ಏಳಲಿಲ್ಲ.

ಒಂದು ಸಂದೇಹ. ಓಮದ ಎಣ್ಣೆ ಜಾಡಿಯಲ್ಲಿ ತೇಲುತ್ತಿದೆ, ಆದರೆ ರಾತ್ರಿಯ ಚಳಿಗೆ ಅದರೊಳಗೆ ಸಕ್ಕರೆಯಂಥ ಹರಳುಗಳು ಕಾಣುತ್ತಿವೆ. ಕೆಟ್ಟಿತೇ?

ರಸಾಯನಪಾಠ

ಕೆಟ್ಟಿಲ್ಲ. ಅದು ಥೈಮಾಲ್, ಓಮದ ಘಾಟಿನ ಮೂಲವೇ ಅದು. ಕೋಣೆಯ ಶಾಖದಲ್ಲಿ ಗಟ್ಟಿಯಾಗಿರುವ ವಸ್ತು, ಎಣ್ಣೆಯಲ್ಲಿ ಕರಗಿ ಬಂದಿತ್ತು, ಚಳಿಗೆ ಹರಳುಗಟ್ಟಿದೆ. ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ಕರಗುತ್ತದೆ. ಕರಗಿಸುವ ಮೊದಲು ಒಂದೆರಡು ಹರಳನ್ನು ಹೊರತೆಗೆದು ಬಿಸಿಲಿಗೆ ಹಿಡಿದು ಅಮ್ಮನಿಗೆ ತೋರಿಸಿ. ಘಾಟು ಜೋರು, ಕೈಗೆ ಮುಟ್ಟಿಸಬೇಡಿ, ಚಮಚದ ತುದಿಯಲ್ಲಿ ಹಿಡಿಯಿರಿ.